ಗೊರಸಿನೊಳಗಿನ ಬೆಸುಗೆ

ಮಕ್ಕಳೇ, ನಿಮ್ಮ ಕೈಬೆರಳಿನ ಉಗುರನ್ನು ಒಮ್ಮೆ ನೋಡಿಕೊಳ್ಳಿ. ಅದರ ತುದಿಯನ್ನು ಕತ್ತರಿಸಿದರೆ ನೋವಾಗುವುದಿಲ್ಲ. ಆದರೆ ಮಾಂಸಕ್ಕೆ ಅಂಟಿಕೊಂಡಿರುವ ಭಾಗವನ್ನು ಸ್ವಲ್ಪ ಮೇಲಕ್ಕೆತ್ತಲು ಹೋದರೂ ಪ್ರಾಣ ಹೋದಂತಾಗುತ್ತದೆ. ಬಾಗಿಲ ಸಂದಿಗೆ ಬೆರಳು ಸಿಕ್ಕಿ, ಉಗುರಿನ ಕೆಳಗೆ ರಕ್ತ ಕಟ್ಟಿದವರನ್ನು ಕೇಳಿ ನೋಡಿ. ಆ ರಾತ್ರಿ ಅವರು ನಿದ್ದೆ ಮಾಡಿರಲಾರರು. ಉಗುರು ನಿರ್ಜೀವ, ಅದರ ಕೆಳಗಿನ ಚರ್ಮ ಸಜೀವ. ಎರಡೂ ಕೂಡುವ ಜಾಗದಲ್ಲಿ ನರಗಳೂ ಸೂಕ್ಷ್ಮ ರಕ್ತನಾಳಗಳೂ ಕಿಕ್ಕಿರಿದಿರುತ್ತವೆ.

ಈಗ ಒಂದು ಊಹೆ ಮಾಡಿ. ನೀವು ಎರಡು ಕೈ, ಎರಡು ಕಾಲುಗಳನ್ನೂ ನೆಲಕ್ಕೆ ಊರಿದ್ದೀರಿ. ಅಂಗೈ, ಅಂಗಾಲು ಯಾವುದೂ ನೆಲಕ್ಕೆ ತಾಗುವಂತಿಲ್ಲ. ಪ್ರತಿಯೊಂದರ ನಡುಬೆರಳಿನ ತುದಿ ಮಾತ್ರ ತಾಗಬೇಕು. ಅಷ್ಟೇ ಅಲ್ಲ, ದೇಹದ ಭಾರವನ್ನೆಲ್ಲ ಆ ನಾಲ್ಕು ಉಗುರುಗಳು ಹೊರಬೇಕು. ಹಾಗೆಯೇ ಓಡಬೇಕು, ಬೇಲಿ ಹಾರಬೇಕು, ನಿಂತೇ ನಿದ್ದೆ ಮಾಡಬೇಕು. ಆಗುವ ಮಾತೇ? ಕುದುರೆ ಹುಟ್ಟಿದ ದಿನದಿಂದ ಮಾಡುವುದು ಇದನ್ನೇ.

ಒಂಟಿ ಬೆರಳಿನ ಪ್ರಾಣಿ

ಕುದುರೆಯ ಮುಂಗಾಲಿನಲ್ಲಿ ನಾವು ‘ಮೊಣಕಾಲು’ ಎಂದು ತೋರಿಸುವ ಕೀಲು ನಿಜವಾಗಿ ಅದರ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಚಾಚಿಕೊಂಡಿರುವ ಕೀಲು ಅದರ ಹಿಮ್ಮಡಿ. ಅಲ್ಲಿಂದ ಕೆಳಗಿರುವುದೆಲ್ಲ ನಮ್ಮ ಲೆಕ್ಕದಲ್ಲಿ ಅಂಗೈ, ಅಂಗಾಲು ಮತ್ತು ಬೆರಳು. ಆ ಬೆರಳೂ ಒಂದೇ, ನಡುಬೆರಳು. ಅದರ ಉಗುರೇ ಗೊರಸು. ನಮ್ಮ ಉಗುರು, ಕೂದಲು, ಹಸುವಿನ ಕೊಂಬು, ಕೋಳಿಯ ಪುಕ್ಕ ಇವೆಲ್ಲ ಯಾವ ಜಾತಿಯ ಪ್ರೋಟೀನಿನಿಂದ ಆಗಿವೆಯೋ ಗೊರಸೂ ಅದರಿಂದಲೇ ಆಗಿದೆ. ಅದರ ಹೆಸರು ಕೆರಾಟಿನ್.

ಸುಮಾರು ಐದೂವರೆ ಕೋಟಿ ವರ್ಷಗಳ ಹಿಂದೆ ಕುದುರೆಯ ಪೂರ್ವಜ ನಾಯಿಯಷ್ಟು ಗಾತ್ರದ ಕಾಡುಪ್ರಾಣಿಯಾಗಿತ್ತು. ಅದರ ಮುಂಗಾಲಿನಲ್ಲಿ 4, ಹಿಂಗಾಲಿನಲ್ಲಿ 3 ಬೆರಳುಗಳಿದ್ದವೆಂದು ಪಳೆಯುಳಿಕೆಗಳು ಹೇಳುತ್ತವೆ. ಮುಂದೆ ವಿಶಾಲವಾದ ಹುಲ್ಲುಗಾವಲುಗಳು ಹರಡಿದವು. ಅಡಗಲು ಪೊದೆಗಳಿಲ್ಲದ ಬಯಲಿನಲ್ಲಿ ಓಡಿದವನೇ ಬದುಕಿದ. ಕಾಲಿನ ತುದಿ ಹಗುರವಾದಷ್ಟೂ ಅದನ್ನು ಬೇಗ ಬೇಗ ಬೀಸಬಹುದು. ಲಕ್ಷಾಂತರ ತಲೆಮಾರುಗಳಲ್ಲಿ ಅಕ್ಕಪಕ್ಕದ ಬೆರಳುಗಳು ಕಿರಿದಾಗುತ್ತ ಹೋದವು, ನಡುಬೆರಳು ದಪ್ಪವಾಯಿತು. ವೇಗವೇನೋ ಸಿಕ್ಕಿತು. ಆದರೆ ಕಾಲಿಗೆ ಒಂದೇ ಬೆರಳು ಉಳಿದ ಮೇಲೆ ಅದಕ್ಕೇನಾದರೂ ಆದರೆ ಆಸರೆಗೆ ಬೇರೆ ಬೆರಳಿಲ್ಲ!

ದೊಡ್ಡ ಕುದುರೆಯೊಂದರ ತೂಕ ಸುಮಾರು 500 ಕಿಲೋಗ್ರಾಂ. ತಲೆ, ಕತ್ತು ಮುಂದಕ್ಕೆ ಇರುವುದರಿಂದ ಇದರಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ. ಅಂದರೆ ಸುಮ್ಮನೆ ನಿಂತಾಗಲೂ ಒಂದೊಂದು ಮುಂಗೊರಸಿನ ಮೇಲೆ 150 ಕಿಲೋ. ನಾಗಾಲೋಟದಲ್ಲಿ ಒಂದೇ ಕಾಲು ನೆಲದಲ್ಲಿರುವ ಕ್ಷಣ ಬರುತ್ತದೆ. ಆಗ ಆ ಒಂದು ಗೊರಸಿನ ಮೇಲೆ ದೇಹದ ತೂಕದ ಎರಡು ಪಟ್ಟಿಗೂ ಹೆಚ್ಚಿನ ಬಲ ಬೀಳುತ್ತದೆ. ಒಂದು ಟನ್ನಿಗೂ ಮಿಗಿಲು, ಒಂದು ಉಗುರಿನ ಮೇಲೆ!

ತೂಗುಹಾಕಿದ ಮೂಳೆ

ಇಲ್ಲಿ ಒಂದು ಸೋಜಿಗವಿದೆ. ಗೊರಸಿನೊಳಗೆ ಬೆರಳಿನ ಕೊನೆಯ ಮೂಳೆ ಇದೆ. ಪುಟ್ಟ ಗೊರಸಿನ ಆಕಾರವೇ ಅದಕ್ಕೂ ಇದೆ. ಚಪ್ಪಲಿಯ ಮೇಲೆ ಪಾದ ಇಟ್ಟಂತೆ ಆ ಮೂಳೆ ಅಂಗಾಲಿನ ಮೇಲೆ ಕುಳಿತಿರಬೇಕೆಂದು ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಗೊರಸಿನ ಗೋಡೆಯ ಒಳಮೈಗೆ ಸುತ್ತಲೂ ಅಂಟಿಕೊಂಡು ಅದು ತೂಗುಹಾಕಿದಂತಿದೆ. ತೊಟ್ಟಿಲನ್ನು ಹಗ್ಗಗಳು ಹಿಡಿದಿರುವಂತೆ ಮೂಳೆಯನ್ನು ಗೋಡೆ ಹಿಡಿದಿದೆ. ಹಗ್ಗದ ಕೆಲಸ ಮಾಡುವುದು ತೆಳ್ಳನೆಯ ಪದರಗಳು.

ಇದನ್ನು ತಿಳಿಯಲು ಒಂದು ಪ್ರಯೋಗ ಮಾಡೋಣ. 100 ಪುಟಗಳ ಎರಡು ನೋಟುಪುಸ್ತಕ ತೆಗೆದುಕೊಳ್ಳಿ. ಒಂದರ ಒಂದು ಹಾಳೆ, ಅದರ ಮೇಲೆ ಇನ್ನೊಂದರ ಒಂದು ಹಾಳೆ, ಹೀಗೆ ಇಸ್ಪೀಟು ಕಲಸಿದಂತೆ ಎಲ್ಲ ಹಾಳೆಗಳನ್ನೂ ಒಂದರೊಳಗೊಂದು ಸೇರಿಸಿ. ಒಂದು ಪುಸ್ತಕದ ಬೆನ್ನನ್ನು ನೀವು ಹಿಡಿಯಿರಿ, ಇನ್ನೊಂದನ್ನು ಗೆಳೆಯ ಹಿಡಿಯಲಿ. ಈಗ ಎಳೆಯಿರಿ. ಗೋಂದು ಇಲ್ಲ, ದಾರ ಇಲ್ಲ. ಆದರೂ ಪುಸ್ತಕಗಳು ಬೇರೆಯಾಗವು. ಹಾಳೆ ಹಾಳೆಯ ನಡುವಿನ ಘರ್ಷಣೆ ಚಿಕ್ಕದೇ. ಆದರೆ ಹಾಳೆಗಳು ಹಲವು, ಒಂದಕ್ಕೊಂದು ತಾಗುವ ಮೈ ದೊಡ್ಡದು.

ಕುದುರೆಯ ಗೊರಸಿನ ಗೋಡೆಯಿಂದ ಒಳಕ್ಕೆ ಇಂಥ 550ರಿಂದ 600 ‘ಹಾಳೆ’ಗಳು ಚಾಚಿಕೊಂಡಿವೆ. ಮೂಳೆಯ ಕಡೆಯಿಂದಲೂ ಅಷ್ಟೇ ಸಂಖ್ಯೆಯ ಹಾಳೆಗಳು ಬಂದು ಇವುಗಳ ಸಂದಿಯಲ್ಲಿ ಕೂತಿವೆ. ಅಷ್ಟಕ್ಕೇ ಮುಗಿಯಲಿಲ್ಲ. ಪ್ರತಿ ಹಾಳೆಯ ಮೈಮೇಲೆ ಮತ್ತೆ 150ರಿಂದ 200 ಕಿರುಹಾಳೆಗಳಿವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜರೀಗಿಡದ ಎಲೆಯಂತೆ ಕಾಣುತ್ತದೆ. 600ನ್ನು 150ರಿಂದ ಗುಣಿಸಿ ನೋಡಿ. ಒಂದೇ ಗೊರಸಿನಲ್ಲಿ 90,000! ಇವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 0.8 ಚದರ ಮೀಟರ್ ಆಗುತ್ತದೆ, ಅಂದರೆ ನಿಮ್ಮ ಮೇಷ್ಟರ ಮೇಜಿನಷ್ಟು. ಅಂಗೈಯಗಲದ ಗೊರಸಿನೊಳಗೆ ಒಂದು ಮೇಜನ್ನು ಮಡಚಿಟ್ಟಂತೆ.

ನೋಟುಪುಸ್ತಕಕ್ಕೂ ಗೊರಸಿಗೂ ಒಂದು ವ್ಯತ್ಯಾಸವಿದೆ, ಅದನ್ನು ಮರೆಯಬಾರದು. ಪುಸ್ತಕದಲ್ಲಿ ಹಾಳೆಗಳನ್ನು ಹಿಡಿದಿರುವುದು ಬರಿ ಘರ್ಷಣೆ. ಗೊರಸಿನಲ್ಲಿ ಎರಡೂ ಕಡೆಯ ಹಾಳೆಗಳ ನಡುವೆ ಪ್ರೋಟೀನಿನ ತೆಳುಪೊರೆಯೊಂದಿದ್ದು ಅಂಟಿನಂತೆ ಕೆಲಸ ಮಾಡುತ್ತದೆ. ಈ ಅಂಟು ಸದಾ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ಗೊರಸು ತಿಂಗಳಿಗೆ 6ರಿಂದ 9 ಮಿಲಿಮೀಟರ್ ಕೆಳಕ್ಕೆ ಬೆಳೆಯುತ್ತಿರುತ್ತದೆ. ಮೂಳೆ ಇದ್ದಲ್ಲೇ ಇರುತ್ತದೆ. ಆದ್ದರಿಂದ ಬೆಸುಗೆಯನ್ನು ಸ್ವಲ್ಪ ಬಿಚ್ಚಿ, ಸ್ವಲ್ಪ ಜಾರಿಸಿ, ಮತ್ತೆ ಬೆಸೆಯುವ ಕೆಲಸ ಅಲ್ಲಿ ಹಗಲಿರುಳೂ ನಡೆದಿರುತ್ತದೆ. ಈ ಕೆಲಸಕ್ಕೆ ರಕ್ತ ಬೇಕು, ಆಮ್ಲಜನಕ ಬೇಕು, ಗ್ಲೂಕೋಸ್ ಬೇಕು. ಸರಬರಾಜು ತಪ್ಪಿದರೆ ಅಥವಾ ವಿಷ ಬಂದರೆ ಹಾಳೆಗಳು ಊದಿಕೊಳ್ಳುತ್ತವೆ, ಅಂಟು ಬಿಡುತ್ತದೆ.

ಈ ಕಾಯಿಲೆಯೇ ಲ್ಯಾಮಿನೈಟಿಸ್. ‘ಲ್ಯಾಮಿನಾ’ ಎಂದರೆ ತೆಳುಪದರ. ‘ಐಟಿಸ್’ ಎಂದು ಮುಗಿಯುವ ಹೆಸರು ಕೇಳಿದರೆ ಅದು ಉರಿಯೂತದ ಕಾಯಿಲೆ ಎಂದು ತಿಳಿಯಿರಿ.

ಬೆಸುಗೆ ಬಿಟ್ಟರೆ ಏನಾಗುತ್ತದೆ? ಮೇಲಿನಿಂದ ದೇಹದ ಭಾರ ಮೂಳೆಯನ್ನು ಕೆಳಕ್ಕೆ ಒತ್ತುತ್ತದೆ. ಹಿಂದಿನಿಂದ ಬಲವಾದ ಸ್ನಾಯುರಜ್ಜು ಅದನ್ನು ಎಳೆಯುತ್ತಲೇ ಇರುತ್ತದೆ. ಮುಂದಿನಿಂದ ಹಿಡಿದುಕೊಳ್ಳುವ ಹಿಡಿತವೇ ತಪ್ಪಿರುವುದರಿಂದ ಮೂಳೆಯ ಮುಂತುದಿ ಕೆಳಮುಖವಾಗಿ ತಿರುಗುತ್ತದೆ. ತೀವ್ರವಾದಾಗ ಅದು ಅಂಗಾಲನ್ನು ತೂತು ಮಾಡಿಕೊಂಡು ಹೊರಬರುವುದೂ ಉಂಟು. ನಮ್ಮ ಬೆರಳು ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ಗೊರಸು ಹಿಗ್ಗುವುದಿಲ್ಲ. ಆದ್ದರಿಂದ ಒಳಗಿನ ಊತವೆಲ್ಲ ನೋವಾಗುತ್ತದೆ.

ಬಾರ್ಬರೋ ಎಂಬ ಕುದುರೆ

ಅಮೆರಿಕದಲ್ಲಿ 2006ನೇ ಇಸವಿಯ ಮೇ 6ರಂದು ಕೆಂಟಕಿ ಡರ್ಬಿ ಎಂಬ ದೊಡ್ಡ ಪಂದ್ಯವನ್ನು ಬಾರ್ಬರೋ ಎಂಬ ಮೂರು ವರ್ಷದ ಗಂಡು ಕುದುರೆ ಬಹಳ ಅಂತರದಿಂದ ಗೆದ್ದಿತು. ಎರಡು ವಾರಗಳ ನಂತರ, ಮೇ 20ರಂದು, ಬಾಲ್ಟಿಮೋರ್ ನಗರದಲ್ಲಿ ಅದರ ಮುಂದಿನ ಪಂದ್ಯ. ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು. ಓಟ ಆರಂಭವಾದ ಕೆಲವೇ ಕ್ಷಣಗಳಲ್ಲಿ ಬಾರ್ಬರೋನ ಬಲ ಹಿಂಗಾಲು ಮುರಿಯಿತು. ಮೂಳೆ 20ಕ್ಕೂ ಹೆಚ್ಚು ಚೂರಾಗಿತ್ತು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಸೆಂಟರ್ ಎಂಬ ಪಶು ಆಸ್ಪತ್ರೆಯಲ್ಲಿ ಡಾ. ಡೀನ್ ರಿಚರ್ಡ್‌ಸನ್ ಮತ್ತು ಅವರ ತಂಡ ಮರುದಿನವೇ ಶಸ್ತ್ರಕ್ರಿಯೆ ಮಾಡಿತು. ಲೋಹದ ಪಟ್ಟಿ ಇಟ್ಟು 27 ಸ್ಕ್ರೂಗಳಿಂದ ಚೂರುಗಳನ್ನು ಜೋಡಿಸಿದರು. ಅರಿವಳಿಕೆ ಇಳಿಯುವಾಗ ಕುದುರೆಗಳು ಗಾಬರಿಯಿಂದ ಒದ್ದಾಡಿ ಜೋಡಿಸಿದ ಮೂಳೆಯನ್ನು ಮತ್ತೆ ಮುರಿದುಕೊಳ್ಳುತ್ತವೆ. ಅದಕ್ಕಾಗಿ ಬಾರ್ಬರೋನನ್ನು ತೆಪ್ಪದಂಥ ಸಾಧನದಲ್ಲಿ ಇರಿಸಿ, ಬೆಚ್ಚನೆಯ ನೀರಿನ ಕೊಳದಲ್ಲಿ ತೇಲಿಸಿ ಎಚ್ಚರಿಸಿದರು! ದೇಶದ ಮೂಲೆಮೂಲೆಗಳಿಂದ ಮಕ್ಕಳು ಶುಭಾಶಯ ಪತ್ರ ಬರೆದರು. ಕ್ಯಾರೆಟ್, ಸೇಬು ಕಳಿಸಿದರು. ಮುರಿದ ಮೂಳೆ ಕೂಡಿಕೊಳ್ಳತೊಡಗಿತು.

ಆದರೆ ಜುಲೈ ತಿಂಗಳಲ್ಲಿ ಕಾಯಿಲೆ ಇನ್ನೊಂದು ಕಾಲಿನಲ್ಲಿ ಕಾಣಿಸಿತು. ಪೆಟ್ಟೇ ಬಿದ್ದಿರದ ಎಡ ಹಿಂಗಾಲಿನಲ್ಲಿ ಲ್ಯಾಮಿನೈಟಿಸ್. ಬೆಸುಗೆ ಎಷ್ಟು ಹಾಳಾಗಿತ್ತೆಂದರೆ ಆ ಗೊರಸಿನ ಗೋಡೆಯ ನೂರಕ್ಕೆ 80 ಭಾಗವನ್ನು ವೈದ್ಯರು ತೆಗೆದುಹಾಕಬೇಕಾಯಿತು. ಹೊಸ ಗೋಡೆ ಬೆಳೆಯಲಿ ಎಂದು ತಿಂಗಳುಗಟ್ಟಲೆ ಕಾದರು. ಕೊನೆಗೆ ಎರಡು ಮುಂಗಾಲುಗಳಿಗೂ ಕಾಯಿಲೆ ತಗುಲಿತು. ನಿಲ್ಲಲು ಒಂದು ಕಾಲೂ ಸರಿಯಿಲ್ಲವೆಂದಾದಾಗ, 2007ರ ಜನವರಿ 29ರಂದು, ಅದಕ್ಕೆ ನೋವಿಲ್ಲದ ಸಾವನ್ನು ಕೊಟ್ಟರು.

ಸರಿಯಾಗಿದ್ದ ಕಾಲು ಏಕೆ ಕೆಟ್ಟಿತು? ಗೊರಸಿಗೆ ರಕ್ತ ಸರಾಗವಾಗಿ ಹರಿಯಬೇಕಾದರೆ ಅದರ ಮೇಲಿನ ಭಾರ ಬಿದ್ದು ಎದ್ದು ಆಗುತ್ತಿರಬೇಕು. ಕಾಲೆತ್ತಿದಾಗ ರಕ್ತ ತುಂಬುತ್ತದೆ, ಊರಿದಾಗ ಹಿಂಡಿ ಹೊರಹೋಗುತ್ತದೆ. ನೀರಿನಲ್ಲಿ ಸ್ಪಂಜನ್ನು ಒತ್ತಿ ಬಿಡುವಂತೆ. ಕುದುರೆ ಸುಮ್ಮನೆ ನಿಂತಾಗಲೂ ಆಗಾಗ ಕಾಲು ಬದಲಾಯಿಸುವುದನ್ನು ಗಮನಿಸಿ. ಒಂದು ಕಾಲು ನೋಯುತ್ತಿದ್ದರೆ ಅದರ ಜೊತೆಯ ಕಾಲು ಹಗಲಿರುಳೂ ಭಾರ ಹೊತ್ತೇ ಇರಬೇಕು. ಒತ್ತಿದ ಸ್ಪಂಜನ್ನು ಬಿಡುವವರೇ ಇಲ್ಲ. ನೀವು ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತಾಗ ಕಾಲು ಜೋಮು ಹಿಡಿಯುತ್ತದಲ್ಲ, ನೀವು ಎದ್ದು ಕೊಡವಿಕೊಳ್ಳುತ್ತೀರಿ. ಬಾರ್ಬರೋಗೆ ಹಾಗೆ ಮಾಡುವ ದಾರಿ ಇರಲಿಲ್ಲ. ಹಾಗಾದರೆ ಮಲಗಿಸಬಹುದಿತ್ತಲ್ಲ ಎನ್ನುವಿರಾ? ಅಷ್ಟು ಭಾರದ ಪ್ರಾಣಿ ದಿನಗಟ್ಟಲೆ ಮಲಗಿದರೆ ಅದರ ಭಾರಕ್ಕೆ ಅದರ ಸ್ನಾಯುಗಳೇ ನಜ್ಜಾಗುತ್ತವೆ, ಶ್ವಾಸಕೋಶ ಒತ್ತಿಹೋಗುತ್ತದೆ, ಮೈಯೆಲ್ಲ ಹುಣ್ಣಾಗುತ್ತದೆ.

‘ಕಾಲು ಮುರಿದ ಕುದುರೆಯನ್ನು ಕೊಂದುಬಿಡುತ್ತಾರಂತೆ, ಎಂಥ ಕ್ರೂರಿಗಳು’ ಎಂದು ಮಕ್ಕಳು ಹೇಳುವುದುಂಟು. ಕೊಲ್ಲುವುದು ಎಲ್ಲ ಸಲವೂ ಕ್ರೌರ್ಯದಿಂದಲ್ಲ. ಮುರಿದ ಕಾಲನ್ನು ಜೋಡಿಸಲು ಬಲ್ಲ ವೈದ್ಯರಿಗೂ ಉಳಿದ ಮೂರು ಕಾಲುಗಳ ಚಿಂತೆ ಇರುತ್ತದೆ.

ಬಾರ್ಬರೋಗಿಂತ ಮೊದಲು ಇದೇ ಕಾಯಿಲೆ ಸೆಕ್ರೆಟೇರಿಯಟ್ ಎಂಬ ಹೆಸರಾಂತ ಕುದುರೆಯನ್ನೂ ಬಲಿ ತೆಗೆದುಕೊಂಡಿತ್ತು. 1973ರಲ್ಲಿ ಬೆಲ್ಮಾಂಟ್ ಪಂದ್ಯದ ಒಂದೂವರೆ ಮೈಲಿಯನ್ನು ಅದು 2 ನಿಮಿಷ 24 ಸೆಕೆಂಡುಗಳಲ್ಲಿ ಓಡಿತ್ತು. ಐವತ್ತು ವರ್ಷ ಕಳೆದರೂ ಆ ದಾಖಲೆ ಮುರಿದಿಲ್ಲ. ಅದು ಸತ್ತದ್ದು 1989ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಲ್ಯಾಮಿನೈಟಿಸ್‌ನಿಂದ.

ಧಾನ್ಯ ತಿಂದರೆ ಕಾಲು ನೋವೇಕೆ?

ಕಾಲು ಮುರಿದ ಕುದುರೆಗಳಿಗೆ ಮಾತ್ರ ಈ ಕಾಯಿಲೆ ಬರುವುದಿಲ್ಲ. ಹಿಂದಿನ ಕಾಲದ ಗ್ರೀಕರು ಇದನ್ನು ‘ಬಾರ್ಲಿ ರೋಗ’ ಎನ್ನುತ್ತಿದ್ದರು. ರಾತ್ರಿ ಕುದುರೆ ಹಗ್ಗ ಬಿಚ್ಚಿಕೊಂಡು ಧಾನ್ಯದ ಮೂಟೆಗೆ ಬಾಯಿ ಹಾಕುತ್ತದೆ. ಬೆಳಿಗ್ಗೆ ನೋಡಿದರೆ ಮೂಟೆ ಖಾಲಿ. ಒಂದೆರಡು ದಿನದಲ್ಲಿ ಅದು ಹೆಜ್ಜೆ ಎತ್ತಲಾರದೆ ನಿಂತುಬಿಡುತ್ತದೆ. ಹೊಟ್ಟೆಗೂ ಗೊರಸಿಗೂ ಏನು ಸಂಬಂಧ?

ಕುದುರೆ ಹುಲ್ಲು ತಿನ್ನುವ ಪ್ರಾಣಿಯಾದರೂ ಹಸುವಿನಂತೆ ಮೆಲುಕು ಹಾಕುವುದಿಲ್ಲ. ಅದರ ಜಠರ ಚಿಕ್ಕದು. ನಾರನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಇರುವುದು ಹಿಂದೆ, ದೊಡ್ಡ ಕರುಳಿನ ಭಾಗದಲ್ಲಿ. ಸಾಮಾನ್ಯವಾಗಿ ಧಾನ್ಯದ ಪಿಷ್ಟ ಸಣ್ಣ ಕರುಳಿನಲ್ಲೇ ಜೀರ್ಣವಾಗುತ್ತದೆ. ಒಮ್ಮೆಗೇ ಮೂಟೆಗಟ್ಟಲೆ ಬಂದರೆ ಸಣ್ಣ ಕರುಳಿಗೆ ಸಾಧ್ಯವಾಗದೆ ಉಳಿದ ಪಿಷ್ಟವೆಲ್ಲ ದೊಡ್ಡ ಕರುಳಿಗೆ ನುಗ್ಗುತ್ತದೆ. ಅಲ್ಲಿ ಪಿಷ್ಟವನ್ನು ಇಷ್ಟಪಡುವ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಬೆಳೆದು ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತವೆ. ಮೊಸರು ಹುಳಿಯಾಗುವುದು ಇದೇ ಆಮ್ಲದಿಂದ. ನಾರು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಕರುಳಿನ ಒಳಪೊರೆ ಸುಟ್ಟಂತಾಗಿ ಸೋರತೊಡಗುತ್ತದೆ. ವಿಷವಸ್ತುಗಳು ರಕ್ತಕ್ಕೆ ಸೇರುತ್ತವೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಎಂಬುದು ಇನ್ನೊಂದು ಕಷ್ಟ. ರಕ್ತದಲ್ಲಿ ಸಂಚರಿಸಿದ ವಿಷ ಗೊರಸಿನ ಸೂಕ್ಷ್ಮ ಬೆಸುಗೆಯನ್ನು ಕೆಡಿಸುತ್ತದೆ.

ಧಾನ್ಯ ತಿಂದ ಗಳಿಗೆಗೂ ಕಾಲು ನೋವು ಶುರುವಾಗುವುದಕ್ಕೂ ನಡುವೆ ಒಂದೆರಡು ದಿನದ ಅವಕಾಶವಿದೆಯಲ್ಲ, ಅದನ್ನು ಬಳಸಿಕೊಳ್ಳಬಹುದೇ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬಹಳ ಸರಳವಾದುದು. 6 ಕುದುರೆಗಳಿಗೆ ಈ ಬಗೆಯ ಅಜೀರ್ಣ ಉಂಟುಮಾಡಿ, ಪ್ರತಿಯೊಂದರ ಒಂದೇ ಒಂದು ಮುಂಗಾಲನ್ನು 48 ಗಂಟೆ ಕಾಲ ಮಂಜುಗಡ್ಡೆಯ ನೀರಿನಲ್ಲಿ ಇರಿಸಿದರು. ಉಳಿದ ಕಾಲುಗಳನ್ನು ಹಾಗೇ ಬಿಟ್ಟರು. ಅದೇ ಕುದುರೆ, ಅದೇ ರಕ್ತ, ಅದೇ ವಿಷ. ತಣ್ಣಗಿದ್ದ ಕಾಲಿನ ಹಾಳೆಗಳು ಬಹುಮಟ್ಟಿಗೆ ಉಳಿದವು; ಉಳಿದ ಕಾಲುಗಳಲ್ಲಿ ಬೆಸುಗೆ ಹೆಚ್ಚು ಕೆಟ್ಟಿತು. ಹೋಲಿಸಲು ಬೇರೆ ಕುದುರೆಯನ್ನು ಹುಡುಕದೆ ಅದೇ ಕುದುರೆಯ ಇನ್ನೊಂದು ಕಾಲನ್ನು ಬಳಸಿದ್ದು ಜಾಣತನ. ಇಂದು ಇಂಥ ಅಪಾಯದಲ್ಲಿರುವ ಕುದುರೆಗಳ ಕಾಲುಗಳನ್ನು ಎರಡು ಮೂರು ದಿನ ಬಿಡದೆ ಮಂಜಿನಲ್ಲಿ ಇಡುವುದು ಆಸ್ಪತ್ರೆಗಳ ರೂಢಿಯಾಗಿದೆ. ಇಂಥ ಪ್ರಯೋಗಗಳಲ್ಲಿ ಪ್ರಾಣಿಗಳು ನೋವುಣ್ಣುತ್ತವೆ ಎಂಬುದೂ ನಿಜವೇ. ಅದು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ. ಎರಡೂ ಕಡೆ ಮಾತನಾಡುವವರು ಇರಲಿ.

ಹಾರ್ಮೋನಿನ ಕೈವಾಡ

ಕಾಲು ಮುರಿದಿಲ್ಲ, ಧಾನ್ಯದ ಮೂಟೆಗೂ ಬಾಯಿ ಹಾಕಿಲ್ಲ. ಹಸಿರು ಹುಲ್ಲುಗಾವಲಿನಲ್ಲಿ ಹಾಯಾಗಿ ಮೇಯುತ್ತ ದಪ್ಪಗಾದ ಪೋನಿಗಳಿಗೂ, ಅಂದರೆ ಗಿಡ್ಡ ತಳಿಯ ಕುದುರೆಗಳಿಗೂ, ಲ್ಯಾಮಿನೈಟಿಸ್ ಬರುತ್ತಿತ್ತು. ಬಹಳ ಕಾಲ ಇದು ಒಗಟಾಗಿತ್ತು. ಒಗಟು ಬಿಡಿಸುವ ಸುಳಿವು ಗೊರಸಿನಲ್ಲಿ ಇರಲಿಲ್ಲ, ರಕ್ತದಲ್ಲಿತ್ತು.

ಊಟ ಮಾಡಿದಾಗ ನಮ್ಮ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಆಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ‘ಬಾಗಿಲು ತೆರೆಯಿರಿ, ಗ್ಲೂಕೋಸ್ ಬಂದಿದೆ’ ಎಂದು ಅದು ಜೀವಕೋಶಗಳಿಗೆ ಹೇಳುತ್ತದೆ ಎಂದುಕೊಳ್ಳಿ. ಕೆಲವು ಕುದುರೆಗಳಲ್ಲಿ, ಮುಖ್ಯವಾಗಿ ಕೊಬ್ಬಿದವುಗಳಲ್ಲಿ, ಕೋಶಗಳು ಈ ಕರೆಗೆ ಕಿವುಡಾಗುತ್ತವೆ. ಆಗ ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ. ಅಂದರೆ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರಿಗೆ ಬರುವ ಸಕ್ಕರೆ ಕಾಯಿಲೆಯೂ ಸಾಮಾನ್ಯವಾಗಿ ಹೀಗೇ ಶುರುವಾಗುತ್ತದೆ. ಆದರೆ ನಮ್ಮ ಗ್ರಂಥಿ ವರ್ಷಗಳು ಕಳೆದಂತೆ ದಣಿಯುತ್ತದೆ; ಸಕ್ಕರೆ ಏರುತ್ತದೆ. ಕುದುರೆಯ ಗ್ರಂಥಿ ಅಷ್ಟು ಸುಲಭಕ್ಕೆ ದಣಿಯುವುದಿಲ್ಲ. ಹಾಗಾಗಿ ಅದರ ರಕ್ತದಲ್ಲಿ ಸಕ್ಕರೆ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ, ಇನ್ಸುಲಿನ್ ಮಾತ್ರ ವಿಪರೀತ.

ಈ ಇನ್ಸುಲಿನ್ನೇ ಗೊರಸನ್ನು ಕೆಡಿಸುತ್ತಿದೆಯೇ? ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನೂ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಆರೋಗ್ಯವಾಗಿದ್ದ 9 ಪೋನಿಗಳಲ್ಲಿ 5ಕ್ಕೆ ಇನ್ಸುಲಿನ್ ಹನಿಸಿದರು. ಸಕ್ಕರೆ ಕುಸಿಯದಂತೆ ಜೊತೆಗೇ ಗ್ಲೂಕೋಸನ್ನೂ ಕೊಟ್ಟು ಸಮತೋಲನದಲ್ಲಿ ಇಟ್ಟರು. ಉಳಿದ 4ಕ್ಕೆ ಇನ್ಸುಲಿನ್ ಇಲ್ಲ. ಮೂರು ದಿನ ತುಂಬುವುದರೊಳಗೆ ಇನ್ಸುಲಿನ್ ಪಡೆದ ಐದಕ್ಕೆ ಐದಕ್ಕೂ ಲ್ಯಾಮಿನೈಟಿಸ್ ಬಂತು. ಪಡೆಯದ ಒಂದಕ್ಕೂ ಬರಲಿಲ್ಲ. ಕರುಳು ಕೆಟ್ಟಿರಲಿಲ್ಲ, ವಿಷ ಇರಲಿಲ್ಲ, ಸಕ್ಕರೆಯೂ ಏರಿರಲಿಲ್ಲ. ಆಪಾದನೆ ನೇರವಾಗಿ ಇನ್ಸುಲಿನ್ ಮೇಲೆ ಬಂದು ನಿಂತಿತು. ಈ ಬಗೆಯ ಲ್ಯಾಮಿನೈಟಿಸ್‌ನಲ್ಲಿ ಪದರಗಳ ಕೋಶಗಳು ರಬ್ಬರಿನಂತೆ ಎಳೆದು ಉದ್ದವಾಗುತ್ತವೆ, ಬೆಸುಗೆ ಸಡಿಲವಾಗುತ್ತದೆ.

ಮುಂದೆ 2011ರಲ್ಲಿ ಫಿನ್‌ಲೆಂಡ್ ದೇಶದ ಪಶು ಆಸ್ಪತ್ರೆಯೊಂದರಲ್ಲಿ ಲ್ಯಾಮಿನೈಟಿಸ್ ಬಂದಿದ್ದ 36 ಕುದುರೆಗಳನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತಕ್ಕೆ ಹಾರ್ಮೋನಿನ ತೊಂದರೆ ಕಂಡುಬಂತು. ನಮ್ಮ ಕಣ್ಣಿಗೆ ಕಾಲಿನ ಕಾಯಿಲೆಯಾಗಿ ಕಾಣುವುದು ಎಷ್ಟೋ ಸಲ ಇಡೀ ದೇಹದ ಕಾಯಿಲೆ!

ಇನ್ನು ಹುಲ್ಲಿನ ವಿಷಯ. ಶೆಟ್‌ಲೆಂಡ್, ವೆಲ್ಶ್ ಮುಂತಾದ ಪೋನಿಗಳು ಬ್ರಿಟನ್ನಿನ ಚಳಿಯ, ಕಲ್ಲುನೆಲದ ಸೀಮೆಗಳಲ್ಲಿ ಒರಟು ಹುಲ್ಲು ತಿಂದು ಬದುಕಲು ಹೊಂದಿಕೊಂಡವು. ಸಿಕ್ಕಿದ್ದನ್ನು ಕೊಬ್ಬಾಗಿ ಕೂಡಿಟ್ಟುಕೊಳ್ಳುವುದು ಅವುಗಳ ಮೈಗುಣ. ಅವನ್ನು ಗೊಬ್ಬರ ಹಾಕಿ ಬೆಳೆಸಿದ ಸಿಹಿ ಹುಲ್ಲಿನಲ್ಲಿ ಬಿಟ್ಟರೆ ಹೇಗೆ? ನೀವು ಓದಿರುವಂತೆ ಹಗಲಲ್ಲಿ ದ್ಯುತಿಸಂಶ್ಲೇಷಣೆಯಿಂದ ಹುಲ್ಲು ಸಕ್ಕರೆ ತಯಾರಿಸುತ್ತದೆ. ರಾತ್ರಿ ಆ ಸಕ್ಕರೆಯನ್ನು ಬೆಳೆಯಲು ಬಳಸುತ್ತದೆ. ಹಿಮ ಬೀಳುವ ರಾತ್ರಿಯಲ್ಲಿ ಬೆಳವಣಿಗೆ ನಿಂತುಬಿಡುವುದರಿಂದ ಸಕ್ಕರೆ ಖರ್ಚಾಗದೆ ಹುಲ್ಲಿನಲ್ಲೇ ಉಳಿಯುತ್ತದೆ. ಅದಕ್ಕೇ ಚಳಿದೇಶಗಳಲ್ಲಿ ಹಿಮ ಬಿದ್ದ, ಬಿಸಿಲು ಹೊಳೆಯುವ ಬೆಳಗು ಇಂಥ ಪೋನಿಗಳಿಗೆ ಅಪಾಯದ ಹೊತ್ತು. ಅಲ್ಲಿನವರು ಪೋನಿಯ ಮೂತಿಗೆ ಸಣ್ಣ ತೂತಿನ ಬುಟ್ಟಿ ಕಟ್ಟಿ ಮೇಯಲು ಬಿಡುತ್ತಾರೆ. ಒಣಹುಲ್ಲನ್ನು ನೀರಿನಲ್ಲಿ ನೆನೆಸಿ, ಸಕ್ಕರೆ ಕರಗಿದ ನೀರನ್ನು ಚೆಲ್ಲಿ ತಿನ್ನಿಸುತ್ತಾರೆ. ನಮ್ಮ ರೈತರು ಒಕ್ಕಣೆಯ ಎತ್ತಿಗೆ ಬಾಯಿಕುಕ್ಕೆ ಕಟ್ಟುವುದು ಬೆಳೆ ಉಳಿಸಲು. ಅಲ್ಲಿ ಬಾಯಿಕುಕ್ಕೆ ಕಟ್ಟುವುದು ಕುದುರೆಯನ್ನೇ ಉಳಿಸಲು.

ಮುದಿ ಕುದುರೆಗಳಿಗೆ ಇನ್ನೊಂದು ಹಾರ್ಮೋನಿನ ಕಾಯಿಲೆ ಇದೆ. ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ ಇದೆ. ಮಿದುಳಿನ ಕೆಲವು ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ಬಿಟ್ಟು ಈ ಗ್ರಂಥಿಯ ನಡುಭಾಗವನ್ನು ಹತೋಟಿಯಲ್ಲಿ ಇಟ್ಟಿರುತ್ತವೆ. ವಯಸ್ಸಾದಂತೆ ಆ ನರಕೋಶಗಳು ಸವೆಯುತ್ತವೆ. ಲಗಾಮು ತಪ್ಪಿದ ಗ್ರಂಥಿ ಹಾರ್ಮೋನುಗಳನ್ನು ಅಳತೆಯಿಲ್ಲದೆ ಸುರಿಸುತ್ತದೆ. ಬೇಸಿಗೆ ಬಂದರೂ ಕುದುರೆಯ ಮೈಕೂದಲು ಉದುರದೆ ಕರಡಿಯಂತೆ ಗುಂಗುರಾಗಿ ಬೆಳೆಯುತ್ತದೆ. ಬೆನ್ನಿನ ಸ್ನಾಯು ಕರಗುತ್ತದೆ, ಬಾಯಾರಿಕೆ ಹೆಚ್ಚುತ್ತದೆ. ಹಲವಕ್ಕೆ ಲ್ಯಾಮಿನೈಟಿಸ್ ಸಹ ಬರುತ್ತದೆ. ಇದಕ್ಕೆ ಕೊಡುವ ಪರ್ಗೋಲೈಡ್ ಎಂಬ ಔಷಧ ಡೋಪಮೈನಿನಂತೆಯೇ ನಟಿಸುತ್ತದೆ. ಮೊದಲು ಅದನ್ನು ಬಳಸುತ್ತಿದ್ದುದು ಮನುಷ್ಯರ ಪಾರ್ಕಿನ್‌ಸನ್ ಕಾಯಿಲೆಗೆ. ಅಲ್ಲಿಯೂ ಸವೆಯುವುದು ಡೋಪಮೈನ್ ತಯಾರಿಸುವ ನರಕೋಶಗಳೇ.

ಗುರುತಿಸುವುದು ಹೇಗೆ?

ಲ್ಯಾಮಿನೈಟಿಸ್ ಬಂದ ಕುದುರೆ ನಿಲ್ಲುವ ಭಂಗಿಯೇ ಬೇರೆ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನು ಹಿಂದಕ್ಕೆ ಹಾಕಿ, ಯಾರೋ ಮುಂದಿನಿಂದ ಎಳೆಯುತ್ತಿದ್ದರೆ ಬರಲೊಲ್ಲೆ ಎನ್ನುವಂತೆ ನಿಲ್ಲುತ್ತದೆ. ಇದು ಹಟವಲ್ಲ. ನೋವಿರುವ ಗೊರಸಿನ ಮುಂತುದಿಯನ್ನು ಬಿಟ್ಟು ಹಿಮ್ಮಡಿಯ ಭಾಗದ ಮೇಲೆ ನಿಲ್ಲುವ ಪ್ರಯತ್ನ. ಗೊರಸು ಮುಟ್ಟಿದರೆ ಬಿಸಿ ಇರುತ್ತದೆ. ಗೊರಸಿನ ಮೇಲೆ, ಕಾಲಿನ ಹಿಂಬದಿಯಲ್ಲಿ ನಾಡಿ ಜೋರಾಗಿ ಬಡಿಯುತ್ತದೆ. ತಿರುಗುವಾಗ ಮುಗ್ಗರಿಸುತ್ತದೆ. ಇಂಥ ಕುದುರೆಯನ್ನು ‘ನಡೆದರೆ ಸರಿಹೋಗುತ್ತದೆ’ ಎಂದು ಹೊಡೆದು ಓಡಿಸಿದರೆ ಸಡಿಲವಾದ ಬೆಸುಗೆ ಪೂರ್ತಿ ಕಿತ್ತುಬರುತ್ತದೆ. ಮರಳು ಅಥವಾ ದಪ್ಪ ಹುಲ್ಲಿನ ಹಾಸಿಗೆಯ ಮೇಲೆ ನಿಲ್ಲಿಸಿ, ಧಾನ್ಯ ನಿಲ್ಲಿಸಿ, ಪಶುವೈದ್ಯರನ್ನು ಕರೆಯಬೇಕು. ಅವರು ನೋವಿಗೆ ಔಷಧ ಕೊಡುತ್ತಾರೆ. ಎಕ್ಸ್‌-ರೇ ತೆಗೆದು ಮೂಳೆ ಎಷ್ಟು ತಿರುಗಿದೆ ಎಂದು ಅಳೆಯುತ್ತಾರೆ. ಅಂಗಾಲಿನ ನಡುವೆ ತ್ರಿಕೋನಾಕಾರದ ಮೆತ್ತನೆಯ ಭಾಗವೊಂದಿದೆ. ಇಂಗ್ಲಿಷಿನವರು ಅದನ್ನು ಏಕೋ ‘ಫ್ರಾಗ್’, ಅಂದರೆ ಕಪ್ಪೆ ಎನ್ನುತ್ತಾರೆ! ಆ ಭಾಗಕ್ಕೆ ಮೆತ್ತೆಯ ಆಸರೆ ಕೊಟ್ಟು ಗೋಡೆಯ ಹೊರೆ ಇಳಿಸುತ್ತಾರೆ. ಮೈಸೂರಿನ ಟಾಂಗಾ ಕುದುರೆಯಾಗಲಿ, ಕುಣಿಗಲ್ಲಿನ ಹಳೆಯ ಕುದುರೆ ಫಾರಂನಲ್ಲಿ ಹುಟ್ಟಿದ ಪಂದ್ಯದ ಕುದುರೆಯಾಗಲಿ, ಗೊರಸಿನೊಳಗಿನ ವ್ಯವಸ್ಥೆ ಒಂದೇ.

ನಿಮ್ಮ ಊರಿನಲ್ಲಿ ಕುದುರೆ ಇಲ್ಲದಿರಬಹುದು, ಹಸು ಇದ್ದೇ ಇರುತ್ತದೆ. ಹಸುವಿನ ಗೊರಸಿನಲ್ಲಿಯೂ ಹಾಳೆಗಳಿವೆ. ಕಿರುಹಾಳೆಗಳು ಮಾತ್ರ ಇಲ್ಲ. ಮದುವೆ ಮನೆಯಲ್ಲಿ ಮಿಕ್ಕ ಅನ್ನ, ಪಾಯಸವನ್ನು ‘ಪಾಪ, ತಿನ್ನಲಿ’ ಎಂದು ಬಕೆಟ್ಟುಗಟ್ಟಲೆ ಹಸುವಿನ ಮುಂದೆ ಸುರಿಯುವುದನ್ನು ನೀವು ನೋಡಿರುತ್ತೀರಿ. ಕಣದ ಜೋಳದ ರಾಶಿಗೆ ಹಸು ಬಾಯಿ ಹಾಕಿದರೂ ಅದೇ ಕಥೆ. ಅದರ ಮೊದಲ ಹೊಟ್ಟೆಯಲ್ಲಿ ಅದೇ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ತಕ್ಷಣ ಚಿಕಿತ್ಸೆ ಸಿಗದಿದ್ದರೆ ಒಂದೆರಡು ದಿನದಲ್ಲಿ ಹಸು ಸಾಯಬಹುದು. ಬದುಕಿದ್ದರಲ್ಲಿ ಕೆಲವು ಮುಂದೆ ಕುಂಟುತ್ತವೆ. ಆಗ ಕಾಲಿಗೆ ಮುಳ್ಳು ಚುಚ್ಚಿರಬೇಕೆಂದು ಹುಡುಕುವವರೇ ಹೆಚ್ಚು.

ಗೊರಸು ಬೆಳೆಯುತ್ತಿರುವಾಗ ಕಾಯಿಲೆ ಬಂದರೆ ಆ ದಿನಗಳ ಬೆಳವಣಿಗೆಯಲ್ಲಿ ಒಂದು ಗೀರು ಉಳಿಯುತ್ತದೆ. ದೊಡ್ಡ ಜ್ವರ ಬಂದು ಹೋದವರ ಕೈ ಉಗುರಿನಲ್ಲಿ ಅಡ್ಡಗೆರೆ ಕಾಣುವಂತೆ. ಗೊರಸು ಕೆಳಕ್ಕೆ ಬೆಳೆದಂತೆ ಗೀರೂ ಕೆಳಕ್ಕೆ ಸರಿಯುತ್ತದೆ. ಹಸುವಿನ ಗೊರಸು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಸಾಧುವಾದ ಹಸುವೊಂದನ್ನು ಆರಿಸಿ, ಮನೆಯ ಹಿರಿಯರು ಜೊತೆಗಿರುವಾಗ, ಅದು ಮಲಗಿದ್ದಾಗ ಗೊರಸನ್ನು ನೋಡಿ. ಆಳವಾದ ಗೀರು ಕಂಡರೆ ಕೂದಲು ಮುಗಿದು ಗೊರಸು ಶುರುವಾಗುವ ಅಂಚಿನಿಂದ ಅಲ್ಲಿಗೆ ಎಷ್ಟು ದೂರವೆಂದು ಸ್ಕೇಲಿನಿಂದ ಅಳೆಯಿರಿ. 2 ಸೆಂಟಿಮೀಟರ್ ಇದ್ದರೆ ಭಾಗಿಸಿ ನೋಡಿ, ನಾಲ್ಕು ತಿಂಗಳು. ನಾಲ್ಕು ತಿಂಗಳ ಹಿಂದೆ ಹಸುವಿಗೆ ಏನಾಗಿತ್ತು, ಏನು ತಿಂದಿತ್ತು, ಕರು ಹಾಕಿತ್ತೇ, ಮೇವು ಬದಲಾಗಿತ್ತೇ ಎಂದು ಅದರ ಯಜಮಾನರನ್ನು ಕೇಳಿ ಬರೆದುಕೊಳ್ಳಿ.